ದಾದಿಮಾಗೆ ಒಂದು ಪುಸ್ತಕ ಕೊಡಿ

ನಿಮ್ಮ ಮನೆಯ ಒಂದು ಸಂಜೆಯನ್ನು ನೆನಪಿಸಿಕೊಳ್ಳಿ. ಅಸರ್ ನಮಾಝ್ ಮುಗಿದಿದೆ. ಒಲೆಯ ಮೇಲೆ ಚಹಾ ಕುದಿಯುತ್ತಿದೆ. ಮಕ್ಕಳು ಶಾಲೆಯಿಂದ ಬಂದು ಬ್ಯಾಗನ್ನು ಒಂದು ಕಡೆ, ಬೂಟನ್ನು ಇನ್ನೊಂದು ಕಡೆ ಎಸೆದು ಮೊಬೈಲ್ ಹಿಡಿದು ಕೂತಿದ್ದಾರೆ. ಕೋಣೆಯ ಮೂಲೆಯ ಮಂಚದಲ್ಲಿ ದಾದಿಮಾ ತಸ್ಬೀಹ್ ಎಣಿಸುತ್ತಿದ್ದಾರೆ. ಹತ್ತು ವರ್ಷಗಳ ಹಿಂದೆ ಇಂಥದೊಂದು ಪತ್ರಿಕೆ ಮನೆಗೆ ಬಂದರೆ ಮೊದಲು ಬಿಚ್ಚುತ್ತಿದ್ದವರು ಅವರೇ. ಕಥೆಯಿಂದ ಹಿಡಿದು ಅಡುಗೆಯ ಪುಟದವರೆಗೆ ಒಂದಕ್ಷರ ಬಿಡದೆ ಓದಿ, ಆಮೇಲೆ ಸೊಸೆಯ ಕೈಗೆ ಕೊಡುತ್ತಿದ್ದರು. ಈಗ ಸಕ್ಕರೆ ಕಾಯಿಲೆ ಕಣ್ಣನ್ನು ತಿಂದಿದೆ. ಪತ್ರಿಕೆ ಬಂದಾಗ ಕೈಯಿಂದ ಸವರಿ, “ಬಂತೇನಮ್ಮಾ?” ಎಂದು ಕೇಳುತ್ತಾರೆ. ನಂತರ ಅದನ್ನು ಪಕ್ಕಕ್ಕೆ ಇಡುತ್ತಾರೆ. ಓದಿ ಹೇಳಲು ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ.

ದೃಷ್ಟಿ ಹೋದ ಹಿರಿಯರಿಗೆ ನಾವು ಏನೆಲ್ಲಾ ಮಾಡುತ್ತೇವೆ! ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುತ್ತೇವೆ. ವುಝೂಗೆ ನೀರು ಇಡುತ್ತೇವೆ. ತಟ್ಟೆಯನ್ನು ಕೈಗೆ ತಾಗುವಂತೆ ಸರಿಸುತ್ತೇವೆ. ಆದರೆ ಅವರಿಗೆ ಓದುವ ಆಸೆ ಇದ್ದೀತೇ ಎಂದು ನಾವು ಎಂದಾದರೂ ಕೇಳಿದ್ದೇವೆಯೇ? ಕಣ್ಣು ಹೋದ ಮೇಲೆ ಪುಸ್ತಕದ ಲೆಕ್ಕ ಮುಗಿಯಿತು ಎಂದು ನಾವೇ ತೀರ್ಮಾನಿಸಿಬಿಟ್ಟಿದ್ದೇವೆ. ಊರಿನ ಗ್ರಂಥಾಲಯದವರೂ ಹಾಗೆಯೇ ತೀರ್ಮಾನಿಸಿದ್ದಾರೆ. ಏಕೆಂದರೆ ಅವರ ಬಳಿಗೆ ಹೋಗಿ ಕೇಳಿದವರು ಯಾರೂ ಇಲ್ಲ.

ಹೊಸಕೋಟೆ ತಾಲೂಕಿನ ಪಿಲ್ಲಗುಂಪೆಯ ಕಡೆ ಓಡಾಡಿದವರಿಗೆ ಅಲ್ಲಿಯ ಕೈಗಾರಿಕಾ ಪ್ರದೇಶದ ಗದ್ದಲ ಗೊತ್ತು. ಲಾರಿಗಳು, ಕಾರ್ಖಾನೆಯ ಬಸ್ಸುಗಳು, ಪಾಳಿ ಬದಲಾಗುವ ಹೊತ್ತಿನ ಜನಸಂದಣಿ. ಗಂಡಸರ ಜೊತೆ ಹೆಂಗಸರೂ ದುಡಿಯಲು ಹೋಗುವ ಇಂಥ ಊರುಗಳಲ್ಲಿ ಹಗಲು ಮನೆಯಲ್ಲಿ ಉಳಿಯುವವರು ಮುದುಕರು ಮತ್ತು ಪುಟ್ಟ ಮಕ್ಕಳು. ಅಂಥ ಮನೆಯ ಕಣ್ಣು ಕಾಣದ ಹೆಂಗಸೊಬ್ಬರು ಓದಬೇಕೆಂದರೆ ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. 1915ರಲ್ಲಿ ಶೇಷಾದ್ರಿ ಅಯ್ಯರ್ ಸ್ಮರಣಾರ್ಥ ಕಟ್ಟಿದ ಆ ಕೆಂಪು ಕಟ್ಟಡವನ್ನು ನೀವು ಹೊರಗಿನಿಂದಲಾದರೂ ನೋಡಿರುತ್ತೀರಿ. ಅಲ್ಲಿ ಲಕ್ಷಗಟ್ಟಲೆ ಪುಸ್ತಕಗಳ ಜೊತೆ ಬ್ರೈಲ್ ಪುಸ್ತಕಗಳ ಸಂಗ್ರಹವೂ ಇದೆ. ಸಂತೋಷದ ವಿಷಯವೇ. ಆದರೆ ಪಿಲ್ಲಗುಂಪೆಯಿಂದ ಹೊಸಕೋಟೆಗೆ ಬಂದು, ಅಲ್ಲಿಂದ ನಗರದ ಬಸ್ಸು ಹತ್ತಿ, ಕೆ.ಆರ್. ಪುರದ ವಾಹನ ದಟ್ಟಣೆಯನ್ನು ದಾಟಿ, ರಸ್ತೆ ದಾಟಿಸಲು ಯಾರದೋ ಕೈ ಹಿಡಿದು ಅಲ್ಲಿಗೆ ತಲುಪಬೇಕು. ಒಂದು ಪುಸ್ತಕಕ್ಕಾಗಿ ಒಂದು ದಿನ ಹೋಯಿತು, ಜೊತೆಗೆ ಬಂದವರ ಒಂದು ದಿನದ ಕೂಲಿಯೂ ಹೋಯಿತು. ಹೀಗಾಗಿ ರಾಜಧಾನಿಯ ಗ್ರಂಥಾಲಯಕ್ಕಿಂತ ನಮ್ಮ ಪಂಚಾಯಿತಿಯ ಗ್ರಂಥಾಲಯವೇ ಇಲ್ಲಿ ಮುಖ್ಯವಾಗುತ್ತದೆ.

ಪಂಚಾಯಿತಿಯ ಗ್ರಂಥಾಲಯ ಸರಕಾರದ ದಾನವಲ್ಲ. ಮನೆ ಕಂದಾಯ ಕಟ್ಟಿದ ರಸೀದಿಯನ್ನು ಒಮ್ಮೆ ಕಪಾಟಿನಿಂದ ತೆಗೆದು ನೋಡಿ. ಆರೋಗ್ಯ, ಶಿಕ್ಷಣ ಮುಂತಾದ ಕರಗಳ ಜೊತೆ ಗ್ರಂಥಾಲಯ ಕರ ಎಂದೊಂದು ಸಾಲಿರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ವಸೂಲಾಗುವ ಈ ಕರ ಈಗ ರೂಪಾಯಿಗೆ 6 ಪೈಸೆ. ಮನೆಯ ಕಂದಾಯ ಸಾವಿರ ರೂಪಾಯಿಯಾದರೆ ಅದರ ಮೇಲೆ 60 ರೂಪಾಯಿ ಗ್ರಂಥಾಲಯಕ್ಕೆ. ಎಷ್ಟೋ ಮನೆಗಳು ದಾದಿಮಾ, ನಾನಿಮಾರ ಹೆಸರಿನಲ್ಲೇ ಇರುತ್ತವೆ. ಅಂದರೆ ಗ್ರಂಥಾಲಯಕ್ಕೆ ವರ್ಷ ವರ್ಷ ಹಣ ಕೊಡುತ್ತಿರುವವರು ಅವರು, ಅದರ ಒಳಗೆ ಕಾಲಿಡದವರೂ ಅವರೇ.

2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಈಗ ಅವುಗಳಿಗೆ ‘ಅರಿವು ಕೇಂದ್ರ’ ಎಂದು ಹೆಸರು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳಲಾಯಿತು. ಹಲವು ಕಡೆ ಗೋಡೆಗೆ ಬಣ್ಣ ಬಂತು, ಕಂಪ್ಯೂಟರ್ ಬಂತು, ಇಂಟರ್‌ನೆಟ್ ಬಂತು. ಮಕ್ಕಳ ಪಾಲಿಗೆ ಇದು ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಕಂಪ್ಯೂಟರ್ ಬಂದದ್ದು ಇನ್ನೊಬ್ಬರಿಗೂ ಉಪಯೋಗಕ್ಕೆ ಬರುತ್ತದೆ ಎಂಬುದು ಎಷ್ಟು ಮಂದಿಗೆ ಹೊಳೆದಿದೆ? ಕಣ್ಣಿಲ್ಲದವರಿಗೆ ಆ ಯಂತ್ರವೇ ಕಣ್ಣಾಗಬಲ್ಲದು. ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ಬ್ರೈಲ್ ಎಲ್ಲರಿಗೂ ಅಲ್ಲ

ಕುರುಡರು ಎಂದ ಕೂಡಲೇ ನಮಗೆ ನೆನಪಾಗುವುದು ಬ್ರೈಲ್ ಲಿಪಿ. ಫ್ರಾನ್ಸಿನ ಲೂಯಿ ಬ್ರೈಲ್ ಹುಟ್ಟಿದ್ದು 1809ರಲ್ಲಿ. ತಂದೆ ಕುದುರೆಯ ಜೀನು ಹೊಲಿಯುವವರು. ಮೂರು ವರ್ಷದ ಮಗು ತಂದೆಯ ಕೆಲಸದ ಕೋಣೆಯಲ್ಲಿ ಚರ್ಮ ಚುಚ್ಚುವ ಮೊನೆಯಿಂದ ಕಣ್ಣಿಗೆ ಗಾಯ ಮಾಡಿಕೊಂಡಿತು, ಎರಡೂ ಕಣ್ಣುಗಳ ದೃಷ್ಟಿ ಹೋಯಿತು. ಅದೇ ಮಗು ಹದಿನೈದು ವರ್ಷದ ಹುಡುಗನಾಗುವ ಹೊತ್ತಿಗೆ ಆರು ಚುಕ್ಕಿಗಳ ಲಿಪಿಯನ್ನು ರೂಪಿಸಿತು. ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಬಂದದ್ದು 1951ರಲ್ಲಿ. ಅದರಲ್ಲಿ ‘ಅ’ ಎಂದರೆ ಒಂದೇ ಒಂದು ಚುಕ್ಕಿ. ‘ಕ’ ಎಂದರೆ ಒಂದನೆಯದು ಮತ್ತು ಮೂರನೆಯದು. ‘ಕಿ’ ಎಂದು ಬರೆಯಲು ‘ಕ’ದ ಪಕ್ಕದಲ್ಲಿ ‘ಇ’ಯನ್ನೇ ಇಡಬೇಕು. ನಮ್ಮ ಗುಣಿತಾಕ್ಷರ ಒಂದೇ ಜಾಗದಲ್ಲಿ ಮುಗಿದರೆ, ಬ್ರೈಲಿನಲ್ಲಿ ಎರಡು ಜಾಗ ಬೇಕು, ಒತ್ತಕ್ಷರಕ್ಕೆ ಇನ್ನೂ ಹೆಚ್ಚು. ಕಾಗದವೂ ರಟ್ಟಿನಂತೆ ದಪ್ಪ. ಆದ್ದರಿಂದ ನಾವು ಒಂದು ಕೈಯಲ್ಲಿ ಹಿಡಿದು ಓದುವ ಕಾದಂಬರಿ ಬ್ರೈಲಿನಲ್ಲಿ ಹಲವು ಸಂಪುಟಗಳಾಗಿ ಒಂದು ಅಡ್ಡೆಯನ್ನೇ ತುಂಬುತ್ತದೆ.

ಪವಿತ್ರ ಕುರ್‌ಆನ್ ಕೂಡ ಬ್ರೈಲಿನಲ್ಲಿ ಇದೆ. ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನ ಮದ್ರಸಾ ಅನ್-ನೂರ್ ಎಂಬ ಅಂಧರ ಮದ್ರಸ ಅದನ್ನು ಮುದ್ರಿಸಿ ಬೇರೆ ಬೇರೆ ದೇಶಗಳಿಗೆ ಕಳುಹಿಸುತ್ತದೆ. ಅರಬಿ ಬಲದಿಂದ ಎಡಕ್ಕೆ ಸಾಗುವ ಲಿಪಿಯಾದರೂ ಅರಬಿ ಬ್ರೈಲನ್ನು ಬೆರಳು ಎಡದಿಂದ ಬಲಕ್ಕೇ ಓದುತ್ತದೆ.

ಬೆರಳಿನಿಂದ ಓದುವ ಉಪಾಯ ಬ್ರೈಲ್‌ಗಿಂತ ಐದು ಶತಮಾನ ಮೊದಲೇ ಒಬ್ಬರಿಗೆ ಹೊಳೆದಿತ್ತು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಬಗ್ದಾದಿನಲ್ಲಿದ್ದ ಝೈನುದ್ದೀನ್ ಅಲ್-ಆಮಿದಿ ಕಣ್ಣಿಲ್ಲದ ವಿದ್ವಾಂಸರು, ಪುಸ್ತಕ ವ್ಯಾಪಾರಿಯೂ ಹೌದು. ಪುಸ್ತಕ ಕೊಂಡ ಕೂಡಲೇ ತೆಳು ಕಾಗದವನ್ನು ಹುರಿ ಮಾಡಿ, ಅಕ್ಷರದ ಆಕಾರಕ್ಕೆ ಬಗ್ಗಿಸಿ, ಬೆಲೆಯ ಗುರುತಾಗಿ ಹೊದಿಕೆಯ ಒಳಬದಿಗೆ ಅಂಟಿಸುತ್ತಿದ್ದರಂತೆ. ಬೆಲೆ ಮರೆತರೆ ಬೆರಳಾಡಿಸಿ ತಿಳಿದುಕೊಳ್ಳುತ್ತಿದ್ದರು. ಅಂಧ ವಿದ್ವಾಂಸರ ಜೀವನ ಚರಿತ್ರೆಗಳನ್ನೇ ಸಂಗ್ರಹಿಸಿ ಗ್ರಂಥ ಬರೆದ ಅಸ್ಸಫದಿ ಇದನ್ನು ದಾಖಲಿಸಿದ್ದಾರೆ. ಕಣ್ಣಿಲ್ಲದವರಿಗೂ ಪುಸ್ತಕಕ್ಕೂ ಏನು ಸಂಬಂಧ ಎನ್ನುವವರಿಗೆ ಈ ಕಥೆ ಹೇಳಿ.

ಇಷ್ಟೆಲ್ಲಾ ಹೇಳಿದ ಮೇಲೂ ಒಂದು ಮಾತು ಸ್ಪಷ್ಟವಾಗಬೇಕು. ಅರುವತ್ತರ ನಂತರ ದೃಷ್ಟಿ ಕಳೆದುಕೊಂಡ ದಾದಿಮಾ ಬ್ರೈಲ್ ಕಲಿಯುವುದು ಸುಲಭವಲ್ಲ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಬೆರಳ ತುದಿಯ ಸ್ಪರ್ಶವೂ ಮಂದವಾಗಿರಬಹುದು. ಗ್ರಂಥಾಲಯಕ್ಕೆ ನಾಲ್ಕು ಬ್ರೈಲ್ ಪುಸ್ತಕ ತಂದು, ಅಧ್ಯಕ್ಷರಿಂದ ಬಿಡುಗಡೆ ಮಾಡಿಸಿ, ಫೋಟೋ ತೆಗೆಸಿದರೆ ನಮ್ಮ ಕರ್ತವ್ಯ ಮುಗಿಯಿತು ಎನ್ನುವ ಹಾಗಿಲ್ಲ. ಬ್ರೈಲ್ ಬೇಕು, ಹುಟ್ಟಿನಿಂದಲೇ ಅಥವಾ ಬಾಲ್ಯದಲ್ಲೇ ದೃಷ್ಟಿ ಇಲ್ಲದ ಮಕ್ಕಳಿಗೆ ಅದು ಬೇಕೇ ಬೇಕು. ಕೇಳಿ ಕಲಿತ ಮಗುವಿಗೆ ಕಾಗುಣಿತ ಬರುವುದಿಲ್ಲ, ಮುಟ್ಟಿ ಕಲಿತ ಮಗುವಿಗೆ ಬರುತ್ತದೆ. ಆದರೆ ಮನೆಯ ಹಿರಿಯರಿಗೆ ಬೇಕಾದದ್ದು ಬೇರೆ.

2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ದೃಷ್ಟಿದೋಷವುಳ್ಳವರೆಂದು ಎಣಿಸಲಾದವರು 2 ಲಕ್ಷ 64 ಸಾವಿರಕ್ಕೂ ಹೆಚ್ಚು. ಇವರಲ್ಲಿ ಎಲ್ಲರಿಗೂ ಪೂರ್ತಿ ಕತ್ತಲೆಯಲ್ಲ. ಕೆಲವರಿಗೆ ಬೆಳಕು ಕಾಣುತ್ತದೆ, ಕೆಲವರಿಗೆ ದಪ್ಪ ಅಕ್ಷರ ಕಾಣುತ್ತದೆ, ಕೆಲವರಿಗೆ ನಡುವೆ ಮಸುಕು, ಅಂಚಿನಲ್ಲಿ ಮಾತ್ರ ಸ್ಪಷ್ಟ. ಇಂಥವರನ್ನು ನಾವು ಬೇಗನೆ ‘ಕಾಣುವುದಿಲ್ಲ’ ಎಂಬ ಪಟ್ಟಿಗೆ ಸೇರಿಸಿಬಿಡುತ್ತೇವೆ. ಮೊದಲು ಕಣ್ಣಿನ ಡಾಕ್ಟರರಿಗೆ ತೋರಿಸಿ. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಐವತ್ತು ದಾಟಿದವರ ಅಂಧತ್ವದಲ್ಲಿ ಶೇ. 66ಕ್ಕೆ ಕಾರಣ ಕಣ್ಣಿನ ಪೊರೆ. ಅದು ಶಸ್ತ್ರಚಿಕಿತ್ಸೆಯಿಂದ ಸರಿಹೋಗುವಂಥದ್ದು. ‘ವಯಸ್ಸಾಯಿತು, ಇನ್ನೇನು’ ಎಂದು ಸುಮ್ಮನಿದ್ದರೆ ತಪ್ಪು ನಮ್ಮದೇ.

ಅಷ್ಟಿಷ್ಟು ದೃಷ್ಟಿ ಉಳಿದವರಿಗೆ ಮನೆಯಲ್ಲೇ ಮಾಡಬಹುದಾದ ಒಂದು ಉಪಾಯವಿದೆ. ಮಕ್ಕಳ ಕ್ರಾಫ್ಟ್‌ಗೆ ತರುವ ಕಪ್ಪು ರಟ್ಟಿನಲ್ಲಿ ಎರಡು ಸಾಲು ಕಾಣುವಷ್ಟು ಅಗಲದ ಉದ್ದನೆಯ ಕಿಂಡಿ ಕತ್ತರಿಸಿ. ಅದನ್ನು ಪುಟದ ಮೇಲಿಟ್ಟು ಸರಿಸುತ್ತಾ ಹೋದರೆ ಸುತ್ತಲಿನ ಬಿಳಿ ಕಾಗದದ ಹೊಳಪು ಕಣ್ಣಿಗೆ ಹೊಡೆಯುವುದಿಲ್ಲ, ಸಾಲೂ ತಪ್ಪುವುದಿಲ್ಲ. ದೀಪ ಎದುರಿಗೆ ಬೇಡ, ಹೆಗಲ ಹಿಂದಿನಿಂದ ಪುಟದ ಮೇಲೆ ಬೀಳಲಿ. ಗ್ರಂಥಾಲಯದಲ್ಲಿ ಒಂದು ಭೂತಗನ್ನಡಿ, ಒಂದು ಮೇಜುದೀಪ, 18 ಪಾಯಿಂಟ್‌ಗೆ ಕಡಿಮೆಯಿಲ್ಲದ ದಪ್ಪ ಅಕ್ಷರದ ಕೆಲವು ಪುಸ್ತಕಗಳು ಇದ್ದರೆ ಇಂಥವರ ಅರ್ಧ ಸಮಸ್ಯೆ ಪರಿಹಾರ. ಇದಕ್ಕೆ ಲಕ್ಷ ರೂಪಾಯಿ ಬೇಡ.

ಮಾತಾಡುವ ಪುಸ್ತಕಗಳು

ಹರಿಯಾಣದಲ್ಲಿ ಹುಟ್ಟಿದ, ಸ್ವತಃ ದೃಷ್ಟಿ ಇಲ್ಲದ ಮಧು ಸಿಂಘಾಲ್ ಎಂಬ ಮಹಿಳೆ 1990ರಲ್ಲಿ ಬೆಂಗಳೂರಿನಲ್ಲಿ ‘ಮಿತ್ರಜ್ಯೋತಿ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಬ್ರೈಲ್ ಮುದ್ರಣದ ಜೊತೆಗೆ ಅಲ್ಲಿ ಮಾತಾಡುವ ಪುಸ್ತಕಗಳ ಗ್ರಂಥಾಲಯವಿದೆ. ಕನ್ನಡ, ಹಿಂದಿ, ಇಂಗ್ಲಿಷ್ ಪುಸ್ತಕಗಳನ್ನು ಸ್ವಯಂಸೇವಕರು ಓದುತ್ತಾರೆ, ಅದನ್ನು ಧ್ವನಿಮುದ್ರಿಸಿ ಓದುಗರಿಗೆ ಕೊಡಲಾಗುತ್ತದೆ. ಓದುವವರಲ್ಲಿ ಗೃಹಿಣಿಯರೂ ಇರುತ್ತಾರೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಸ್ಪಷ್ಟ ಉಚ್ಚಾರವಿದ್ದು, ದಿನಕ್ಕೆ ಅರ್ಧ ಗಂಟೆ ಬಿಡುವಿರುವ ನಿಮ್ಮಂಥವರಿಗೆ ಇದು ಕೈಗೆಟುಕುವ ಸೇವೆ. ನಾಟಕದ ಸಂಭಾಷಣೆಯಂತೆ ಅಭಿನಯಿಸಬೇಕಾಗಿಲ್ಲ. ತಾಯಿ ಮಗುವಿಗೆ ಓದಿ ಹೇಳುವ ಹಾಗೆ ಓದಿದರೆ ಸಾಕು.

2016ರ ಆಗಸ್ಟ್ 24ರಂದು ಕೇಂದ್ರ ಸರಕಾರ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯವನ್ನು ಆರಂಭಿಸಿತು. ಮುದ್ರಿತ ಪುಸ್ತಕ ಓದಲಾಗದವರಿಗಾಗಿಯೇ ಇರುವ ಗ್ರಂಥಾಲಯ ಇದು. ಅಂಧರಿಗಾಗಿ ದುಡಿಯುವ ಹಲವು ಸಂಸ್ಥೆಗಳು ತಯಾರಿಸಿದ ಪುಸ್ತಕಗಳು ಅಲ್ಲಿ ಒಂದೇ ಕಡೆ ಸಿಗುತ್ತವೆ. ಅಲ್ಲಿರುವ ‘ಡೈಸಿ’ ಎಂಬ ಮಾದರಿಯ ಪುಸ್ತಕದಲ್ಲಿ ಅಧ್ಯಾಯದಿಂದ ಅಧ್ಯಾಯಕ್ಕೆ ಜಿಗಿಯಬಹುದು, ನಿಲ್ಲಿಸಿದ ಜಾಗದಿಂದ ಮರುದಿನ ಮುಂದುವರಿಸಬಹುದು. ನಾವು ಪುಟದ ಮೂಲೆ ಮಡಚಿ ಗುರುತಿಡುತ್ತೇವಲ್ಲ, ಹಾಗೆಯೇ. ನೋಂದಣಿಗೆ ಅಂಗವೈಕಲ್ಯ ಪ್ರಮಾಣಪತ್ರ ಬೇಕಾಗುತ್ತದೆ. ಅದಿಲ್ಲದಿದ್ದರೆ ಯು.ಡಿ.ಐ.ಡಿ. ಕಾರ್ಡ್ ಮಾಡಿಸುವ ಕೆಲಸದಿಂದ ಶುರು ಮಾಡಿ. ಪ್ರತಿ ಗ್ರಾಮ ಪಂಚಾಯಿತಿಗೂ ವಿಶೇಷಚೇತನರ ಕೆಲಸಕ್ಕೆಂದೇ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರಬೇಕೆಂಬ ವ್ಯವಸ್ಥೆ ನಮ್ಮ ರಾಜ್ಯದಲ್ಲಿದೆ. ನಿಮ್ಮ ಪಂಚಾಯಿತಿಯಲ್ಲಿ ಅವರು ಯಾರು ಎಂದು ವಿಚಾರಿಸಿ.

ಈಗ ಕಂಪ್ಯೂಟರಿನ ವಿಷಯಕ್ಕೆ ಬರೋಣ. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳಿವೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಎಂಬ ಅಂಧ ಯುವಕ 2006ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ಅಂಥದ್ದೊಂದು. ಅದಕ್ಕೆ ಒಂದು ಪೈಸೆಯೂ ಕೊಡಬೇಕಿಲ್ಲ, ಕನ್ನಡವನ್ನೂ ಓದುತ್ತದೆ. ಉಚ್ಚಾರ ಸ್ವಲ್ಪ ಯಂತ್ರದಂತೆಯೇ ಇರುತ್ತದೆ, ನಾಲ್ಕು ದಿನ ಕೇಳಿದರೆ ಕಿವಿ ಒಗ್ಗುತ್ತದೆ. ಅರಿವು ಕೇಂದ್ರದ ಕಂಪ್ಯೂಟರಿಗೆ ಇದನ್ನು ಹಾಕಲು ಅರ್ಧ ಗಂಟೆ ಸಾಕು. ಒಂದು ಜೊತೆ ಹೆಡ್‌ಫೋನ್ ಇದ್ದರೆ ಪಕ್ಕದವರಿಗೆ ತೊಂದರೆಯೂ ಇಲ್ಲ. ಆಂಡ್ರಾಯ್ಡ್ ಫೋನಿನಲ್ಲಿ ‘ಟಾಕ್‌ಬ್ಯಾಕ್’ ಎಂಬ ಇಂಥದೇ ಸೌಲಭ್ಯ ಈಗಾಗಲೇ ಇರುತ್ತದೆ. ನಮ್ಮ ಕೈಯಲ್ಲಿರುವ ಫೋನಿನಲ್ಲೇ ಇದ್ದರೂ ನಮಗೆ ಗೊತ್ತಿಲ್ಲ.

ಆದರೆ ಇಲ್ಲಿ ಕನ್ನಡಕ್ಕೆಂದೇ ಒಂದು ತೊಡಕಿದೆ. ನಮ್ಮ ಹೆಚ್ಚಿನ ಪುಸ್ತಕಗಳು, ಪತ್ರಿಕೆಗಳು ವರ್ಷಗಟ್ಟಲೆ ಅಚ್ಚಾದದ್ದು ನುಡಿ, ಬರಹ ಮೊದಲಾದವುಗಳ ಹಳೆಯ ಫಾಂಟುಗಳಲ್ಲಿ. ಕಣ್ಣಿಗೆ ಅದು ಮುತ್ತಿನಂಥ ಕನ್ನಡ. ಕಂಪ್ಯೂಟರಿನ ಒಳಗೆ ಮಾತ್ರ ಅದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಓದುವ ತಂತ್ರಾಂಶ ಅದನ್ನು ಓದಿದರೆ ಅರ್ಥವಿಲ್ಲದ ಸದ್ದು ಕೇಳುತ್ತದೆ. ಯೂನಿಕೋಡ್ ಎಂಬ ಹೊಸ ಪದ್ಧತಿಯಲ್ಲಿ ಬರೆದ ಕನ್ನಡವನ್ನು ಮಾತ್ರ ಅದು ಸರಿಯಾಗಿ ಓದಬಲ್ಲದು. ಇನ್ನು ಡಿಜಿಟಲ್ ಗ್ರಂಥಾಲಯ ಎಂದು ಪುಟಗಳ ಫೋಟೋ ತೆಗೆದು ಹಾಕಿದರಂತೂ ಅದಕ್ಕೆ ಏನೂ ಕಾಣದು. ಚಿತ್ರದಲ್ಲಿರುವ ಅಕ್ಷರವನ್ನು ಗುರುತಿಸುವ ತಂತ್ರಾಂಶ ಬೇರೆ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ.ಜಿ. ರಾಮಕೃಷ್ಣನ್ ಮತ್ತು ಸಂಗಡಿಗರು ಕನ್ನಡಕ್ಕಾಗಿ ‘ಲಿಪಿ ಜ್ಞಾನಿ’ ಎಂಬುದನ್ನು ರೂಪಿಸಿದ್ದಾರೆ. ಬೆಂಗಳೂರಿನದೇ ಟ್ರೆಸಲ್ ಲ್ಯಾಬ್ಸ್‌ನವರ ‘ಕಿಬೋ’ ಎಂಬ ಸಾಧನದ ಕೆಳಗೆ ಪುಸ್ತಕ ತೆರೆದಿಟ್ಟರೆ ಕನ್ನಡವನ್ನೂ ಓದಿ ಹೇಳುತ್ತದೆ. ಹಳೆಯ ಪುಸ್ತಕಗಳ ಬಾಗಿಲು ಹೀಗೆ ಒಂದೊಂದಾಗಿ ತೆರೆಯುತ್ತಿದೆ. ಹೊಸ ಪುಸ್ತಕಗಳನ್ನಾದರೂ ಪ್ರಕಾಶಕರು ಯೂನಿಕೋಡಿನಲ್ಲೇ ಸಿದ್ಧಪಡಿಸಿದರೆ ಇಷ್ಟು ಕಷ್ಟವೇ ಇರುವುದಿಲ್ಲ.

ಪುಸ್ತಕವನ್ನು ಹೀಗೆ ಧ್ವನಿಗೆ, ಬ್ರೈಲಿಗೆ ಬದಲಾಯಿಸಲು ಲೇಖಕರ ಅಪ್ಪಣೆ ಬೇಡವೇ ಎಂದು ನೀವು ಕೇಳಬಹುದು. ಬೇಡ. 2012ರಲ್ಲಿ ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಮಾಡಿ ಅಂಗವಿಕಲ ಓದುಗರಿಗಾಗಿ ಈ ವಿನಾಯಿತಿ ನೀಡಲಾಗಿದೆ. 2013ರಲ್ಲಿ ಮೊರೊಕ್ಕೊದ ಮರಾಕೆಶ್ ನಗರದಲ್ಲಿ ಇದಕ್ಕಾಗಿಯೇ ಒಂದು ಅಂತಾರಾಷ್ಟ್ರೀಯ ಒಪ್ಪಂದವಾಯಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ಭಾರತ. ಆದರೆ ವಿನಾಯಿತಿ ಓದಲಾಗದವರಿಗೆ ಮಾತ್ರ. ದಾದಿಮಾಗಾಗಿ ಓದಿ ಮುದ್ರಿಸಿದ ಕಾದಂಬರಿಯನ್ನು ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆಲ್ಲ ಹಂಚುವಂತಿಲ್ಲ.

ಬಾಗಿಲಿನ ಒಳಗೆ ಹೋಗುವುದು ಹೇಗೆ?

ಯಂತ್ರ, ಕಾನೂನು ಎಲ್ಲ ಇದ್ದರೂ ಇನ್ನೊಂದು ಅಡ್ಡಿ ಉಳಿಯುತ್ತದೆ. ಅದನ್ನು ಹೆಂಗಸರಾದ ನಾವೇ ಹೇಳಬೇಕು. ಎಷ್ಟೋ ಊರುಗಳ ಗ್ರಂಥಾಲಯ ಎಂದರೆ ಬೆಳಿಗ್ಗೆ ಗಂಡಸರು ದಿನಪತ್ರಿಕೆ ಓದುವ ಕೋಣೆ. ಕಣ್ಣು ಕಾಣುವ ಹೆಂಗಸರೇ ಅಲ್ಲಿಗೆ ಹೋಗಲು ಹಿಂಜರಿಯುತ್ತಾರೆ. ಕಾಣದವರ ಪಾಡು ಏನು? ವಾರದಲ್ಲಿ ಒಂದು ದಿನ ಮಧ್ಯಾಹ್ನ ಎರಡು ಗಂಟೆ ಹೆಂಗಸರಿಗೆಂದು ಮೀಸಲಿಡಿ ಎಂದು ಕೇಳುವುದರಲ್ಲಿ ತಪ್ಪೇನಿದೆ? ಆ ಹೊತ್ತಿನಲ್ಲಿ ಪಿ.ಯು.ಸಿ. ಓದುವ ಹುಡುಗಿಯೊಬ್ಬಳು ಬಂದು ಪತ್ರಿಕೆ ಓದಿ ಹೇಳಿದರೆ ಕೇಳುವವರು ಒಬ್ಬರಲ್ಲ, ನಾಲ್ವರು ಸೇರುತ್ತಾರೆ.

ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ಶೇ. 5ನ್ನು ವಿಶೇಷಚೇತನರಿಗಾಗಿ ಮೀಸಲಿಡಬೇಕು. ಮಹಿಳಾ ಗ್ರಾಮಸಭೆ, ವಿಶೇಷಚೇತನರ ಸಮನ್ವಯ ಗ್ರಾಮಸಭೆ ನಡೆಯುವಾಗ ಎದ್ದು ನಿಂತು, ಈ ಹಣದಲ್ಲಿ ಗ್ರಂಥಾಲಯಕ್ಕೆ ಏನು ತಂದಿರಿ ಎಂದು ಕೇಳಿ. ಹೆಡ್‌ಫೋನ್, ಭೂತಗನ್ನಡಿ, ಮೆಟ್ಟಿಲ ಪಕ್ಕದ ಕೈಹಿಡಿ, ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. 2017ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಅಂಗವಿಕಲರ ಹಕ್ಕುಗಳ ಕಾಯ್ದೆ ನಿಮ್ಮ ಬೆನ್ನಿಗಿದೆ. ಬ್ರೈಲ್ ಪುಸ್ತಕ ಬೇಕಾದ ಮಗು ಮನೆಯಲ್ಲಿದ್ದರೆ ದೂರದ ಸಂಸ್ಥೆಯಿಂದ ಅಂಚೆಯಲ್ಲಿ ತರಿಸಿಕೊಳ್ಳಿ. ಅಂಧರ ಸಾಹಿತ್ಯದ ಪೊಟ್ಟಣಕ್ಕೆ 7 ಕಿಲೋವರೆಗೆ ಸಾಮಾನ್ಯ ಅಂಚೆಯಲ್ಲಿ ಶುಲ್ಕವಿಲ್ಲ.

ನಮ್ಮ ಮಸೀದಿ, ಮದ್ರಸಗಳ ಪುಸ್ತಕದ ಕಪಾಟುಗಳ ಬಗ್ಗೆಯೂ ಒಂದು ಮಾತು. ಅಂಧ ಸಹಾಬಿ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಅವರ ಹೆಸರು ನಮ್ಮ ಪ್ರವಚನಗಳಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಆ ಪ್ರವಚನ ಕೇಳಿದ ಅಂಧ ಯುವಕನೊಬ್ಬ ಅದೇ ಕಪಾಟಿನ ಬಳಿ ಬಂದರೆ ಕೊಡಲು ನಮ್ಮಲ್ಲಿ ಏನಿದೆ?

ದಾದಿಮಾರನ್ನು ಮೊದಲ ಸಲ ಅರಿವು ಕೇಂದ್ರಕ್ಕೆ ಕರೆದುಕೊಂಡು ಹೋಗುವ ದಿನ ಅವರ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈಯನ್ನು ಅವರೇ ಹಿಡಿಯಲಿ, ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಮೆಟ್ಟಿಲು ಬಂದಾಗ ‘ಹತ್ತಬೇಕು’, ‘ಇಳಿಯಬೇಕು’ ಎಂದು ಹೇಳಿ. ಕುರ್ಚಿಯ ಬೆನ್ನಿಗೆ ಅವರ ಕೈ ಮುಟ್ಟಿಸಿದರೆ ತಾವೇ ಕೂರುತ್ತಾರೆ. ಸದಸ್ಯತ್ವ ನಿಮ್ಮ ಹೆಸರಿನಲ್ಲಿ ಬೇಡ, ಅವರ ಹೆಸರಿನಲ್ಲೇ ಇರಲಿ. ಮೇಲ್ವಿಚಾರಕರು ಮಾತು ನಿಮ್ಮ ಜೊತೆ ಶುರು ಮಾಡಿದರೆ ಅವರ ಕಡೆ ತೋರಿಸಿ. ಯಾವ ಪುಸ್ತಕ ಬೇಕೆಂದು ಅವರೇ ಹೇಳಲಿ. ರಿಜಿಸ್ಟರು ಮುಂದಕ್ಕೆ ಬಂದಾಗ ಹೆಬ್ಬೆಟ್ಟು ಒತ್ತಿಸಲು ಶಾಯಿಯ ಡಬ್ಬಿ ಹುಡುಕಬಹುದು, ಬೇಡವೆನ್ನಿ. ಸಹಿ ಮಾಡುವ ಗೆರೆಯ ಕೆಳಗೆ ಒಂದು ದಪ್ಪ ಕಾಗದದ ಅಂಚನ್ನು ಹಿಡಿದು, ಅವರ ಬೆರಳನ್ನು ಅದಕ್ಕೆ ತಾಗಿಸಿ, ಪೆನ್ನು ಕೈಗೆ ಕೊಡಿ. ಅವರಿಗೆ ಬರೆಯಲು ಬರುತ್ತದೆ.